ನುಡಿಸದೆ ಉಳಿಸಿದ ಸ್ವರ

ಮಳೆಗಾಲದ ನಸುಕು. ಜೋಯಿಡಾ ಕಡೆಯ ಒಂದು ಹಳ್ಳದ ದಂಡೆ. ಇನ್ನೂ ಬೆಳಕು ಹರಿದಿಲ್ಲ. ರಾತ್ರಿ ಸುರಿದ ಮಳೆ ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತಿದೆ. ಆಗ ಒಂದು ಸಿಳ್ಳೆ ಕೇಳುತ್ತದೆ. ದನ ಹೊಡೆದುಕೊಂಡು ಹೊರಟ ಹುಡುಗ ಯಾರೋ ಮರೆತ ಹಾಡೊಂದನ್ನು ನೆನಪು ಮಾಡಿಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ. ಅದು ಹುಡುಗನಲ್ಲ, ಹಕ್ಕಿ; ಮಲಬಾರ್ ಸಿಳ್ಳಾರ. ಕಪ್ಪಿಗೆ ತಿರುಗಿದ ನೀಲಿ ಮೈ, ಹಣೆಯ ಮೇಲೂ ಹೆಗಲ ಮೇಲೂ ಹೊಳೆಯುವ ನೀಲಿ. ನಾಲ್ಕು ಸ್ವರ ಹೇಳಿ ಸುಮ್ಮನಾಗುತ್ತದೆ. ಹಳ್ಳದ ಸದ್ದಷ್ಟೇ ಉಳಿಯುತ್ತದೆ. ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಐದನೆಯ ಸ್ವರ ಬರುತ್ತದೆ, ತುಸು ಜಾರಿ, ತುಸು ಬಾಗಿ.

ನಾಲ್ಕಕ್ಕೂ ಐದಕ್ಕೂ ನಡುವೆ ನಾನು ಉಸಿರು ಹಿಡಿದು ನಿಂತಿರುತ್ತೇನೆ. ಹಾಡಿದ್ದು ಹಕ್ಕಿ, ಆದರೆ ಆ ಮೌನದಷ್ಟು ಹೊತ್ತು ಹಾಡು ನನ್ನೊಳಗೆ ಇತ್ತು. ಈ ಸಿಳ್ಳೆ ಕೇಳಿದಾಗಲೆಲ್ಲ ನನಗೆ ಬಿ.ಬಿ. ಕಿಂಗ್ ಅವರ ಗಿಟಾರ್ ನೆನಪಾಗುತ್ತದೆ.

ರೈಲಿ ಕಿಂಗ್ ಹುಟ್ಟಿದ್ದು 1925ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹತ್ತಿ ಸೀಮೆಯಲ್ಲಿ. ಹೊಲದಲ್ಲಿ ಹತ್ತಿ ಬಿಡಿಸುತ್ತ ಬೆಳೆದ ಹುಡುಗ. ಮುಂದೆ ಮೆಂಫಿಸ್ ಊರಿನ ರೇಡಿಯೊದಲ್ಲಿ ಹಾಡುತ್ತ ‘ಬ್ಲೂಸ್ ಬಾಯ್’ ಅನ್ನಿಸಿಕೊಂಡ. ಆ ಎರಡು ಪದಗಳ ಮೊದಲಕ್ಷರವೇ ಬಿ.ಬಿ. ಆಯಿತು. 1956ರ ಒಂದೇ ವರ್ಷದಲ್ಲಿ 342 ಕಾರ್ಯಕ್ರಮ ಕೊಟ್ಟವರು ಅವರು. ಅಷ್ಟು ಪಳಗಿದ ಕೈಗೆ ಸ್ವರಗಳ ಮಳೆ ಸುರಿಸುವುದು ಕಷ್ಟವಿರಲಿಲ್ಲ. ಆದರೂ ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತಿತ್ತು. ಗಿಟಾರ್ ನುಡಿಯುವಾಗ ಅವರು ಸುಮ್ಮನಿರುತ್ತಿದ್ದರು. ಎರಡನ್ನೂ ಒಟ್ಟಿಗೆ ಮಾಡಲು ತಮಗೆ ಬಾರದು ಎಂದು ಅವರೇ ಹೇಳಿಕೊಂಡಿದ್ದರು. ಕೇಳಿದವರಿಗೆ ಮಾತ್ರ ಅದು ಕೊರತೆ ಅನ್ನಿಸಲೇ ಇಲ್ಲ. ಊರ ಕಟ್ಟೆಯ ಮೇಲೆ ಇಬ್ಬರು ಹಿರಿಯರು ಕೂತು ಮಾತಾಡಿದ ಹಾಗಿರುತ್ತದೆ; ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ತೆರೆಯುವುದಿಲ್ಲ.

ಅವರ ಗಿಟಾರಿನ ಹೆಸರು ಲೂಸಿಲ್. 1949ರ ಚಳಿಗಾಲದ ಒಂದು ರಾತ್ರಿ, ಅರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬ ಸಣ್ಣ ಊರಿನ ಕುಣಿತದ ಮನೆಯಲ್ಲಿ ಅವರು ನುಡಿಸುತ್ತಿದ್ದರು. ಕೋಣೆ ಬೆಚ್ಚಗಿರಲೆಂದು ಸೀಮೆಎಣ್ಣೆ ಉರಿಸಿಟ್ಟಿದ್ದರು. ಇಬ್ಬರು ಗಂಡಸರು ಹೊಡೆದಾಡಿಕೊಂಡರು, ಎಣ್ಣೆ ಉರುಳಿತು, ಮನೆಗೆ ಬೆಂಕಿ ಹತ್ತಿತು. ಹೊರಗೆ ಓಡಿ ಬಂದ ಕಿಂಗ್, ಬಿಟ್ಟುಬಂದ ಗಿಟಾರಿಗಾಗಿ ಮತ್ತೆ ಬೆಂಕಿಯೊಳಗೆ ನುಗ್ಗಿ ಅದನ್ನು ಎತ್ತಿಕೊಂಡು ಬಂದರು. ಹೊಡೆದಾಟಕ್ಕೆ ಕಾರಣಳಾದ ಹೆಣ್ಣಿನ ಹೆಸರು ಲೂಸಿಲ್ ಎಂದು ಆಮೇಲೆ ತಿಳಿಯಿತು. ಇಂಥ ಹುಚ್ಚು ಸಾಹಸಕ್ಕೆ ಇನ್ನೊಮ್ಮೆ ಇಳಿಯಬಾರದು ಎಂಬ ನೆನಪಿಗಾಗಿ ಅದೇ ಹೆಸರನ್ನು ಗಿಟಾರಿಗೆ ಇಟ್ಟರು. ತಡೆದು ನಿಲ್ಲು ಎಂಬ ಮಾತನ್ನು ಆಯುಷ್ಯಪೂರ್ತಿ, 2015ರಲ್ಲಿ ಕಣ್ಣು ಮುಚ್ಚುವವರೆಗೆ, ಮಡಿಲಲ್ಲಿ ಇಟ್ಟುಕೊಂಡೇ ನುಡಿಸಿದರು.

ಅವರ ಎಡಗೈಯನ್ನು ಹತ್ತಿರದಿಂದ ನೋಡಬೇಕು. ಬೆರಳು ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆಯುತ್ತದೆ. ಸ್ವರ ಮೆಲ್ಲಗೆ ಮೇಲೇರುತ್ತದೆ. ಏರಿದಲ್ಲಿ ಬೆರಳು ನಡುಗುತ್ತದೆ. ಉಳಿದ ಬೆರಳುಗಳು ಹೂವಿನ ಮೇಲೆ ಕೂತ ಚಿಟ್ಟೆಯ ರೆಕ್ಕೆಯ ಹಾಗೆ ಅದುರುತ್ತವೆ. ಒಂದೇ ಸ್ವರ. ಅದು ತಾನಾಗಿ ಆರುವವರೆಗೆ ಇನ್ನೊಂದಕ್ಕೆ ಅವಸರವಿಲ್ಲ.

ಇತ್ತ ನಮ್ಮ ಕಡೆ, ಹಳಿಯಾಳದಿಂದ ಧಾರವಾಡಕ್ಕೆ ಹೆಚ್ಚೆಂದರೆ ಒಂದು ತಾಸಿನ ದಾರಿ. ಸಿತಾರ್ ರತ್ನ ರಹಿಮತ್ ಖಾನರ ಮನೆತನ ಬೆಳೆಸಿದ ಆ ಊರಿನ ಸಿತಾರ್ ಕೇಳಿದ ಕಿವಿಗೆ ಈ ಎಳೆತ ಹೊಸದಲ್ಲ. ನಾವು ಅದನ್ನು ಮೀಂಡ್ ಅನ್ನುತ್ತೇವೆ. ಬ್ಲೂಸ್‌ನ ಜೀವಸ್ವರ ಇರುವುದು ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವಿನ ಜಾಗದಲ್ಲಿ. ಪಿಯಾನೊದ ಮನೆಗಳಲ್ಲಿ ಅದು ಸಿಗುವುದಿಲ್ಲ. ತಂತಿ ಎಳೆದೇ ಅದನ್ನು ಮುಟ್ಟಬೇಕು. ದರ್ಬಾರಿ ಕಾನಡಾದ ಗಾಂಧಾರ ಮೆಲ್ಲಗೆ ತೂಗುವುದನ್ನು ಕೇಳಿ ಕಣ್ಣು ತುಂಬಿಕೊಂಡವರಿಗೆ ಬ್ಲೂಸ್ ಪರಕೀಯ ಅನ್ನಿಸಲಾರದು.

ಬ್ಲೂಸ್ ಕಟ್ಟಿದವರು ಆಫ್ರಿಕಾದಿಂದ ಗುಲಾಮರಾಗಿ ಅಮೆರಿಕಕ್ಕೆ ಹೋದವರ ಮಕ್ಕಳು, ಮೊಮ್ಮಕ್ಕಳು. ಅದೇ ಖಂಡದಿಂದ ಇನ್ನೊಂದು ದಿಕ್ಕಿಗೆ ಹೊರಟ ಹಡಗುಗಳಲ್ಲಿ ಬಂದವರು ನಮ್ಮ ಸಿದ್ದಿಗಳ ಹಿರಿಯರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡ ಎಷ್ಟೋ ಜನಕ್ಕೆ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಾಡು ಮರೆಯಾಯಿತು, ಮನೆಯಾಯಿತು. ಅಲ್ಲಿ ಹತ್ತಿ ಹೊಲದ ಹಾಡು ಹುಟ್ಟಿದರೆ ಇಲ್ಲಿ ದಮಾಮಿ ಎಂಬ ಡೋಲಿನ ಬಡಿತಕ್ಕೆ ಕುಣಿತ ಬೆಳೆಯಿತು. ವಾದ್ಯ ಬೇರೆ, ಹಾಡು ಬೇರೆ. ಆದರೆ ಎರಡರ ಹಿಂದೆಯೂ ಸಮುದ್ರದಷ್ಟು ದುಃಖವಿದೆ, ಮತ್ತು ಅದನ್ನು ಅರಚಿ ಹೇಳಬೇಕಿಲ್ಲ ಎಂಬ ಘನತೆಯಿದೆ.

ಸಿದ್ದಿ ಹೆಂಗಸರು ಹೊಲಿಯುವ ಕವದಿಯಲ್ಲಿ ನನಗೆ ಈ ಘನತೆ ಕಣ್ಣಿಗೇ ಕಾಣುತ್ತದೆ. ಹಳೆಯ ಸೀರೆ, ಲುಂಗಿ, ಮಕ್ಕಳ ಅಂಗಿಯ ತುಂಡುಗಳನ್ನು ಹರಡಿ, ಅಂಚಿನಿಂದ ಹೊಲಿಗೆ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಚಳಿಗೆ ಬೇಕಾದ್ದು ಅದೇ. ಸಾವಿರಾರು ಹೊಲಿಗೆ, ಒಂದರಂತೆ ಇನ್ನೊಂದು. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಿಚಿ ಮೂರು ಮೂಲೆಯ ಪುಟ್ಟ ಹೂ ಇಡುತ್ತಾರೆ. ‘ಫುಲ’ ಎಂದು ಅದರ ಹೆಸರು. ಅದಿಲ್ಲದ ಕವದಿ ಬತ್ತಲೆ ಎಂದು ಅವರ ಲೆಕ್ಕ. ಇಡೀ ಕವದಿಗೆ ನಾಲ್ಕೇ ಹೂ, ಆದರೆ ಆ ನಾಲ್ಕು ಇರಲೇಬೇಕು. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು.

ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಕೂಡ ಒಮ್ಮೆ ನಾಲ್ಕೇ ಸ್ವರ ಇಟ್ಟರು. ತಂಡದ ಮೊದಲ ದಿನಗಳ ಜೀವಾಳವಾಗಿದ್ದ ಗೆಳೆಯ ಸಿಡ್ ಬ್ಯಾರೆಟ್, ಮನಸ್ಸಿನ ಆರೋಗ್ಯ ಕೆಟ್ಟು ಅವರಿಂದ ದೂರವಾಗಿದ್ದ. ಅವನನ್ನು ನೆನೆದು 1975ರಲ್ಲಿ ಧ್ವನಿಮುದ್ರಿಸಿದ ದೀರ್ಘ ಕೃತಿಯ ಆರಂಭದಲ್ಲಿ ಸುಮಾರು ನಾಲ್ಕು ನಿಮಿಷ ಕಾದ ಮೇಲೆ ಆ ನಾಲ್ಕು ಸ್ವರ ಬರುತ್ತವೆ. ಬಂದು, ಗಾಳಿಯಲ್ಲಿ ನಿಲ್ಲುತ್ತವೆ. ಆ ಜೂನ್ ತಿಂಗಳ ಒಂದು ದಿನ ಲಂಡನ್ನಿನ ಸ್ಟುಡಿಯೊಗೆ ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡ ದಪ್ಪ ಮೈಯವನೊಬ್ಬ ಬಂದು ನಿಂತ. ಗೆಳೆಯರಿಗೆ ಗುರುತು ಹತ್ತಲು ಹೊತ್ತು ಹಿಡಿಯಿತು. ಅವನೇ ಸಿಡ್. ಇಂಥ ನೋವಿನ ಮೇಲೆ ಎಷ್ಟು ಸ್ವರ ಸುರಿದರೆ ಸಾಕಾದೀತು? ನಾಲ್ಕು ಹೂ ಇಟ್ಟು ಕೈ ಹಿಂದೆಗೆದುಕೊಂಡದ್ದೇ ಸರಿ.

ನನ್ನ ಗಿಟಾರಿನ ಬೆರಳುಹಲಗೆ ಬೀಟೆಯದು. ಲೋಕದ ಲೆಕ್ಕವಿಲ್ಲದಷ್ಟು ಗಿಟಾರುಗಳಲ್ಲಿ ಭಾರತದ ಬೀಟೆ ಇದೆ. ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿಯಂಥ ಹಳೆಯ ತಯಾರಕರೂ ನಮ್ಮ ಬೀಟೆಗೆ ಹೊರಳಿದರು. ದಾಂಡೇಲಿಯ ಕಾಡಿನಲ್ಲಿ ನಿಂತ ಬೀಟೆಮರವನ್ನು ನೋಡಿದರೆ ಅದು ಬೆಳೆಯುತ್ತಿದೆ ಅನ್ನಿಸುವುದೇ ಇಲ್ಲ. ವರ್ಷಕ್ಕೊಂದಿಷ್ಟು, ತನ್ನ ಪಾಡಿಗೆ. ಒಳಗೆ ಮಾತ್ರ ತಿರುಳು ಗಟ್ಟಿಯಾಗುತ್ತ, ಕಂದು ನೇರಳೆಯಾಗುತ್ತ ಹೋಗುತ್ತದೆ. ಅವಸರವಿಲ್ಲದ ಬೆಳವಣಿಗೆಯೇ ಆ ಮರದ ಗಟ್ಟಿತನ. ಬೆರಳೂರಿದಾಗಲೆಲ್ಲ ಆ ಮರದ ತಾಳ್ಮೆ ನನ್ನ ಕೈಗೂ ಇಳಿಯಲಿ ಎಂದು ಬೇಡಿಕೊಳ್ಳುತ್ತೇನೆ.

ತಂದೆ ತೀರಿಕೊಂಡಾಗ ಮನೆಗೆ ಬಹಳ ಜನ ಬಂದರು. ಎಲ್ಲರೂ ಸಮಾಧಾನ ಹೇಳಿದರು. ಯಾರ ಮಾತೂ ಈಗ ನೆನಪಿಲ್ಲ. ನೆರೆಮನೆಯ ಕಾಕಾ ಒಂದು ತಂಬಿಗೆ ಹಾಲು ತಂದು ಹೊಸ್ತಿಲ ಹತ್ತಿರ ಇಟ್ಟು, ಕಂಬಕ್ಕೆ ಒರಗಿ ಸಂಜೆಯವರೆಗೆ ಕೂತರು. ಏಳುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು, “ಎರಡು ತುತ್ತು ಉಣ್ಣೋ ತಮ್ಮಾ” ಅಂದರು. ಅಷ್ಟೇ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅವರು ಆಡದೆ ಬಿಟ್ಟ ಮಾತುಗಳ ಜಾಗದಲ್ಲಿ ನನ್ನ ದುಃಖಕ್ಕೆ ಕೂರಲು ಇಷ್ಟು ನೆಲ ಸಿಕ್ಕಿತ್ತು.

ಸಂಯಮ ಎಂದರೆ ಇಲ್ಲದ್ದಲ್ಲ, ಇದ್ದೂ ಬಿಟ್ಟದ್ದು. ಬಿಟ್ಟ ಜಾಗ ಕೇಳುವವರದು. ದೊಡ್ಡ ವಾದಕರು ನಮಗೆ ಕೊಡುವ ಮರ್ಯಾದೆ ಇದು: ನಿನ್ನೊಳಗೂ ಹಾಡಿದೆ, ಅದಕ್ಕೆ ನಾನು ಅಡ್ಡ ಬರಲಾರೆ ಅನ್ನುತ್ತಾರೆ.

ಬೆಳಕಾಯಿತು. ಮಂಗಟ್ಟೆಗಳು ರೆಕ್ಕೆ ಬಡಿಯುತ್ತ ಹಳ್ಳ ದಾಟಿದವು. ಮನೆಗೆ ಬಂದು ಚಹಾಕ್ಕೆ ಕೂತಾಗ ಮಗಳು ಏನೋ ಹೇಳಲು ಬಾಯಿ ತೆರೆದು, ನಡುವೆ ನಿಲ್ಲಿಸುತ್ತಾಳೆ. ಆ ಮೌನವನ್ನು ತುಂಬಲು ನನ್ನ ನಾಲಿಗೆ ತುದಿಯಲ್ಲಿ ಹತ್ತು ಮಾತುಗಳಿವೆ. ಬಟ್ಟಲು ಕೆಳಗಿಟ್ಟು ಸುಮ್ಮನೆ ಕಾಯುತ್ತೇನೆ. ಐದನೆಯ ಸ್ವರ ಅವಳದು.