ಕೇಳುವುದು ಅವಮಾನವೆ?

ಮಗಳು ಎಂ.ಎ.ಗೆ ಸೇರಿದಳೆಂದರೆ ನಮ್ಮ ಬಂಗಾರಪೇಟೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅದೊಂದು ದೊಡ್ಡ ಸುದ್ದಿ. ಹಿಂದೆ ಹೆಚ್ಚಿನ ಓದೆಂದರೆ ಬಹಳ ಮಂದಿಗೆ ಬೆಂಗಳೂರಿನ ರೈಲೇ ಗತಿಯಾಗಿತ್ತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾಗಿ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿ ನೆಲೆಯೂರಿದ ಮೇಲೆ ದಾರಿ ಹತ್ತಿರವಾಯಿತು. ಆದರೆ ದಾರಿ ಹತ್ತಿರವಾದ ಮಾತ್ರಕ್ಕೆ ಒಳಗಿನ ಬಾಗಿಲೂ ತೆರೆದಂತಾಯಿತೆ?

ಯಾವ ವಿಶ್ವವಿದ್ಯಾಲಯವಾದರೂ ಹೊಸಬರನ್ನು ಒಂದು ದಿನ ಕೂಡಿಸಿ ಸ್ವಾಗತಿಸುತ್ತದೆ. ದೀಪ, ಪ್ರಾರ್ಥನೆ, ಭಾಷಣ. ಹಾಜರಾತಿ ಶೇಕಡಾ 75 ಇರಬೇಕು, ರ‍್ಯಾಗಿಂಗ್ ಅಪರಾಧ ಎನ್ನುವ ಎಚ್ಚರಿಕೆಗಳು. ಇವೆಲ್ಲ ಬೇಕಾದವೇ. ಆದರೆ ಹೊಸಬರಿಗೆ ತೊಡಕಾಗುವುದು ಯಾರೂ ಬಾಯಿಬಿಟ್ಟು ಹೇಳದ ಸಂಗತಿಗಳು. ಸೆಮಿನಾರ್ ಎಂದರೆ ಏನು ಮಾಡಬೇಕು? ಆಂತರಿಕ ಅಂಕ ಯಾವುದಕ್ಕೆ ಕೊಡುತ್ತಾರೆ? ಪ್ರಾಧ್ಯಾಪಕರ ಕೋಣೆಯ ಬಾಗಿಲು ತಟ್ಟಬಹುದೆ? ಓದಿದವರ ಮನೆಯ ಮಕ್ಕಳಿಗೆ ಇವೆಲ್ಲ ಊಟದ ಹೊತ್ತಿನ ಮಾತಿನಲ್ಲೇ ತಿಳಿದಿರುತ್ತವೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳಿಗೆ ಹೇಳುವವರು ಯಾರು?

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಬಿ.ಎ.ಯಲ್ಲಿ ಪ್ರಥಮ ದರ್ಜೆ ಪಡೆದು ಎಂ.ಎ.ಗೆ ಹೋದಳು. ಎಲ್ಲಿಗೆ ಎನ್ನುವುದು ಬೇಡ. ದೀಪಾವಳಿಗೆ ಬಂದವಳು ಹಿಂದಿರುಗಲೇ ಇಲ್ಲ. ವಿದ್ಯಾರ್ಥಿವೇತನದ ಪ್ರಕಟಣೆ ಹಾಕಿದ್ದ ಹಲಗೆ ಅಧ್ಯಾಪಕರ ಕೋಣೆಯ ಪಕ್ಕದಲ್ಲಿತ್ತಂತೆ; ಅತ್ತ ಹೋಗಬಾರದೇನೋ ಎಂದುಕೊಂಡಿದ್ದಳು. ಸೆಮಿನಾರಿಗೆ ಕೊಟ್ಟ ವಿಷಯ ತಿಳಿಯದಿದ್ದರೂ ಕೇಳಲಿಲ್ಲ. “ಇಷ್ಟೂ ಗೊತ್ತಿಲ್ವಾ ಅಂದ್ಬಿಟ್ರೆ, ಮಿಸ್? ನಂಗೆ ಅಷ್ಟು ಬುದ್ಧಿ ಇಲ್ಲ, ಬಿಡಿ” ಎಂದಳು.

ಆ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಅವಳಿಗೆ ಇಲ್ಲದೇ ಇದ್ದದ್ದು ಬುದ್ಧಿಯಲ್ಲ, ತಿಳಿಸಿ ಹೇಳುವ ಒಂದು ಜೀವ. ತಿಳಿಯದಿರುವುದನ್ನು ತಿಳಿಗೇಡಿತನವೆಂದು ಅವಳೇ ನಂಬಿಬಿಟ್ಟಳಲ್ಲ!

“ಎಂ.ಎ. ಓದುವವರೇನು ಎಳೆಮಕ್ಕಳೆ? ನಮಗೆ ಯಾರು ಹೇಳಿಕೊಟ್ಟಿದ್ದರು?” ಎನ್ನುವವರಿದ್ದಾರೆ. ಈ ಮಾತು ನಮಗೆ ಹೊಸದಲ್ಲ. ಹೊಸ ಸೊಸೆಗೆ ಉಪ್ಪಿನ ಭರಣಿ ಎಲ್ಲಿದೆಯೆಂದು ಹೇಳದೆ, ಸಾರು ಸಪ್ಪೆಯಾಯಿತೆಂದು ಗದರುವ ಅತ್ತೆಯ ಮಾತೂ ಇದೇ. ತಾನು ಪಟ್ಟ ಪಾಡನ್ನು ಇನ್ನೊಬ್ಬರೂ ಪಡಲಿ ಎನ್ನುವುದು ನ್ಯಾಯದಂತೆ ಕಂಡರೂ ನ್ಯಾಯವಲ್ಲ. ತಾನೇ ಹುಡುಕಿ ಕಲಿಯಬೇಕಾದದ್ದು ವಿದ್ಯೆಯಲ್ಲಿ ಬೇಕಾದಷ್ಟಿದೆ, ನಿಜ. ಗ್ರಂಥದ ಅರ್ಥ ತಾನೇ ಹುಡುಕಲಿ. ಗ್ರಂಥಾಲಯದ ಕಾರ್ಡು ಎಲ್ಲಿ ಕೊಡುತ್ತಾರೆಂದು ಹುಡುಕಿ ಅಲೆಯುವುದರಲ್ಲಿ ಯಾವ ವಿದ್ಯೆಯಿದೆ?

ನಮ್ಮ ಪಕ್ಕದ ಕೆ.ಜಿ.ಎಫ್.ನ ಗಣಿಗಳನ್ನು ನೆನೆಯಿರಿ. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳವಾಗಿತ್ತು. ಹೊಸಬನಿಗೆ ತರಬೇತಿ ಕೊಡದೆ ಗಣಿ ಕೆಲಸಕ್ಕೆ ಹಚ್ಚಬಾರದೆಂದು 1966ರಲ್ಲೇ ನಿಯಮಗಳಾದವು. ಅವನು ದಡ್ಡನೆಂದಲ್ಲ, ಕತ್ತಲಲ್ಲಿ ಒಬ್ಬನಿಗೆ ದಾರಿ ತಿಳಿಯದಿದ್ದರೆ ಎಲ್ಲರಿಗೂ ಅಪಾಯ. 1952ರ ಗಣಿ ಕಾಯಿದೆ ಹೆಂಗಸರನ್ನು ಗಣಿಯೊಳಗೆ ದುಡಿಯಲು ಬಿಡಲಿಲ್ಲ. ಆ ಕಾರ್ಮಿಕರ ಮೊಮ್ಮಕ್ಕಳು ಈಗ ಬೇರೊಂದು ಆಳಕ್ಕೆ ಇಳಿಯುತ್ತಿದ್ದಾರೆ. ತಾತನಿಗೆ ಸಿಕ್ಕ ದೀಪ ಮೊಮ್ಮಗಳಿಗೆ ಬೇಡವೆ?

ಪದವಿ ತರಗತಿಗೆ ಸೇರುವ ಹೊಸಬರಿಗಾಗಿ 2019ರಲ್ಲಿ ಯು.ಜಿ.ಸಿ. ‘ದೀಕ್ಷಾರಂಭ’ ಎಂಬ ಮಾರ್ಗಸೂಚಿ ಹೊರಡಿಸಿತು. ಹೊಸಬರ ಬೆನ್ನಿಗೆ ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ನಿಲ್ಲಬೇಕೆನ್ನುವುದು ಅದರಲ್ಲಿದೆ. ಎಂ.ಎ., ಎಂ.ಎಸ್ಸಿ.ಯವರಿಗೂ ಇಂಥದ್ದು ಬೇಕು. ಎರಡನೆಯ ವರ್ಷದ ಒಬ್ಬಳು ಇಬ್ಬರು ಹೊಸಬರನ್ನು ಜೊತೆಗೆ ಕರೆದುಕೊಂಡು ಒಂದು ತಿಂಗಳು ಓಡಾಡಿದರೆ ಸಾಕು. ಅದಕ್ಕೆ ಶಾಲು, ಹಾರ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ.

ಆದರೆ ಕೇಳಲು ಬಾಯಿಯೇ ಬಾರದಿದ್ದರೆ ಹೇಳುವವರಿದ್ದೂ ಏನು ಫಲ? ಆ ಬಾಯಿ ಕಟ್ಟುವುದು ವಿಶ್ವವಿದ್ಯಾಲಯದಲ್ಲಲ್ಲ, ಅದಕ್ಕಿಂತ ಬಹಳ ಮೊದಲು, ಮನೆಯಲ್ಲಿ. “ದೊಡ್ಡವರನ್ನು ಎದುರು ಕೇಳಬೇಡ, ಸುಮ್ಮನಿರು” ಎಂದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೇ ನಾವು ಹೆಚ್ಚು ಹೇಳುತ್ತೇವೆ. ವಿನಯ ಒಳ್ಳೆಯದೇ. ಆದರೆ ವಿನಯದಿಂದಲೇ ಕೇಳಬಹುದಲ್ಲ! ಮಗಳ ಟ್ರಂಕಿಗೆ ಚಕ್ಕುಲಿ, ಉಪ್ಪಿನಕಾಯಿ ತುಂಬುವಾಗ ಈ ಮಾತನ್ನೂ ಹೇಳಿ ಕಳಿಸೋಣ: ತಿಳಿಯದಿದ್ದರೆ ಕೇಳಮ್ಮ, ಕೇಳುವುದರಲ್ಲಿ ಅವಮಾನವಿಲ್ಲ. ನಿನ್ನ ಹಿಂದೆ ಬಂದವಳು ಕೇಳಿದರೆ, ‘ಇಷ್ಟೂ ಗೊತ್ತಿಲ್ಲವೆ’ ಎನ್ನಬೇಡ.