ಅಭ್ಯಾಸವಾಗುತ್ತದೆ ಎಂಬ ಮಾತು

ಅಚೌರ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರಣೆ ಕೊಡುವುದು, ಕದ್ದು ತಂದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು, ಈ ಮೂರು ದೋಷಗಳು ಯಾರಿಗಾದರೂ ಸುಲಭವಾಗಿ ತಿಳಿಯುವಂಥವು. ಉಳಿದ ಎರಡು, ಹೀನಾಧಿಕ ಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರ, ಗಲ್ಲೆಯ ಮುಂದೆ ಕುಳಿತ ಶ್ರಾವಕನನ್ನು ದಿನವೂ ಪರೀಕ್ಷಿಸುವಂಥವು. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಮೊದಲನೆಯದು. ಒಂದನ್ನು ತೋರಿಸಿ ಅದರಂತೆಯೇ ಇರುವ ಇನ್ನೊಂದನ್ನು ಕೊಡುವುದು ಎರಡನೆಯದು.

ಅಕ್ಕಿ ಕೊಳ್ಳುವವನು ಅಂಗೈಯಲ್ಲಿ ನಾಲ್ಕು ಕಾಳು ಹಾಕಿ ನೋಡುತ್ತಾನೆ. ಬಟ್ಟೆ ಕೊಳ್ಳುವವಳು ಸೆರಗಿನ ನೂಲನ್ನು ಉಜ್ಜಿ ನೋಡುತ್ತಾಳೆ. ಚಿನ್ನಕ್ಕೆ ಒರೆಗಲ್ಲು ಇದೆ. ಕನ್ನಡಕದ ವ್ಯಾಪಾರದಲ್ಲಿ ಮಾತ್ರ ಗಿರಾಕಿ ಬಂದಿರುವುದೇ ಕಣ್ಣು ಮಂಜಾಗಿರುವ ಕಾರಣ. ತಾನು ಕೊಳ್ಳುವ ಮಾಲನ್ನು ಪರೀಕ್ಷಿಸಲು ಬೇಕಾದ ಸಾಧನವೇ ಅವನಲ್ಲಿ ಕುಂದಿದೆ. ಆದ್ದರಿಂದ ಈ ವೃತ್ತಿಯಲ್ಲಿ ಅಚೌರ್ಯದ ಹೊಣೆಯೆಲ್ಲ ಮಾರುವವನ ಮೇಲೆಯೇ ಬೀಳುತ್ತದೆ. ಕಾರವಾರ ಮತ್ತು ಅಂಕೋಲೆಗಳ ಕೆಲವು ಹಿರಿಯ ಕನ್ನಡಕದವರು ಹಳೆಯ ಕಾಲದ ಕೆಲಸವನ್ನು ನೆನೆದು ಆಡಿದ ಮಾತುಗಳನ್ನು ಕೇಳಿದಾಗ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಚಿಂತಿಸಬೇಕೆನಿಸಿತು.

ನಮ್ಮ ಕರಾವಳಿಯ ಮಂದಿ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತಕ್ಕೆ ಬರುವುದೆಂದು ಆ ಹೆಸರು. ಇದು ಇಲ್ಲಿ ಹೊಸ ವಸ್ತುವಲ್ಲ. ವಿಜಯನಗರದ ವ್ಯಾಸರಾಯರು ಕನ್ನಡಕ ಧರಿಸಿ ಗ್ರಂಥಾವಲೋಕನ ಮಾಡುತ್ತಿದ್ದರೆಂಬುದು ಸೋಮನಾಥ ಕವಿಯ ವ್ಯಾಸಯೋಗಿಚರಿತದಿಂದ ತಿಳಿಯುತ್ತದೆ. ಕಾಲ ಸುಮಾರು 1520. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದಿದ್ದುದರಿಂದ ಆ ವಸ್ತು ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಆದರೆ ಸಾಮಾನ್ಯ ಜನರ ಮೂಗಿನ ಮೇಲೆ ಅದು ಕುಳಿತದ್ದು ಬಹಳ ತಡವಾಗಿ. ಚಿಕ್ಕ ಊರುಗಳಲ್ಲಿ ಗಡಿಯಾರ ರಿಪೇರಿಯವನೇ ಕನ್ನಡಕದವನೂ ಆಗಿದ್ದ. 1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಮಾಲಿಗಾಗಿ ಎಲ್ಲರೂ ನೋಡುತ್ತಿದ್ದುದು ಮುಂಬಯಿಯ ಕಡೆಗೆ. ಎಮರಿ ಪುಡಿ ಹಾಕಿ ಬೀಡಿನ ಅಚ್ಚಿನ ಮೇಲೆ ಮಸೂರದ ಮೈಯನ್ನು ಅರೆದು, ಕಾವಿಬಣ್ಣದ ಕಬ್ಬಿಣದ ಭಸ್ಮದಿಂದ ಹೊಳಪು ಕೊಡುವ ಕೆಲಸ ದೊಡ್ಡ ಪಟ್ಟಣಗಳಲ್ಲಿ ನಡೆಯುತ್ತಿತ್ತು. ಇಲ್ಲಿಗೆ ದುಂಡನೆಯ ಗಾಜು ಬರುತ್ತಿತ್ತು. ಅದನ್ನು ಮುಖಕ್ಕೆ ಹೊಂದಿಸುವುದು ಇಲ್ಲಿಯವರ ವಿದ್ಯೆ.

ಆ ವಿದ್ಯೆಯಲ್ಲಿ ಕೈಯೇ ಮುಖ್ಯ. ಫ್ರೇಮಿನ ಆಕಾರಕ್ಕೆ ರಟ್ಟು ಅಥವಾ ತಗಡಿನ ಪಡಿಯಚ್ಚು ಕತ್ತರಿಸಿಕೊಂಡು, ಗಾಜಿನ ಮೇಲೆ ವಜ್ರದ ಮೊನೆಯಿಂದ ಗೆರೆ ಎಳೆದು, ಹೊರಗಿನ ಅಂಚನ್ನು ಇಕ್ಕಳದಿಂದ ಚೂರುಚೂರಾಗಿ ಮುರಿಯಬೇಕು. ಬಳಿಕ ನೀರು ತೊಟ್ಟಿಕ್ಕುವ ಸಾಣೆಕಲ್ಲಿಗೆ ಹಿಡಿದು ಸುತ್ತಲೂ ಏಣು ಬರುವಂತೆ ಉಜ್ಜಬೇಕು. ಸ್ವಲ್ಪ ಹೆಚ್ಚು ಒತ್ತಿದರೆ ಗಾಜು ಸಿಡಿಯುತ್ತದೆ. ಹೆಚ್ಚು ತೇದರೆ ಸಡಿಲವಾಗಿ ಉದುರುತ್ತದೆ. ಸೆಲ್ಯುಲಾಯ್ಡ್ ಫ್ರೇಮನ್ನು ಬಿಸಿ ಮರಳಿನಲ್ಲಿ ಹುಗಿದು ಮೆತ್ತಗಾಗಿಸಿ ಮಸೂರವನ್ನು ಕೂರಿಸುವಾಗ ಅಂಗಡಿಯಲ್ಲೆಲ್ಲ ಕರ್ಪೂರದ ವಾಸನೆ ಏಳುತ್ತಿತ್ತು. ಆ ಪದಾರ್ಥದಲ್ಲಿ ಕರ್ಪೂರವಿರುವುದೇ ಅದಕ್ಕೆ ಕಾರಣ. ಲೋಹದ ಫ್ರೇಮುಗಳಿಗೆ ಕಡಲ ಉಪ್ಪುಗಾಳಿಯೂ ಮುಖದ ಬೆವರೂ ಸೇರಿ ಮೂಗಿನ ಬಳಿ ಹಸಿರು ಕಿಲುಬು ಹಿಡಿಯುತ್ತಿತ್ತು. ಅದನ್ನು ತಿಕ್ಕಿ ಕೊಡುವುದಕ್ಕೆ ಹಣ ಪಡೆಯುವ ರೂಢಿ ಇರಲಿಲ್ಲವೆಂದು ಹಿರಿಯರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಮಸೂರದ ನಂಬರು ಸರಿಯಿದೆಯೇ ಎಂದು ತಿಳಿಯುವ ಬಗೆ ಇನ್ನೂ ಸ್ವಾರಸ್ಯಕರ. ಉಬ್ಬು ಮಸೂರವನ್ನು ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಸೂರ್ಯಬಿಂಬ ಚುಕ್ಕೆಯಾಗುವ ದೂರವನ್ನು ಅಳೆದರೆ ಸಾಕು. ಅದು ಒಂದು ಮೀಟರಾದರೆ ಒಂದು ನಂಬರು, ಅರ್ಧ ಮೀಟರಾದರೆ ಎರಡು. ಜೂನ್ ತಿಂಗಳಿನಿಂದ ಸೂರ್ಯದರ್ಶನವೇ ದುರ್ಲಭವಾದ ಕಾರವಾರದಲ್ಲಿ ಈ ಉಪಾಯ ಎಷ್ಟು ದಿನ ನಡೆದೀತು? ಆಗ ಇನ್ನೊಂದು ಕ್ರಮ. ಮಸೂರವನ್ನು ಕಣ್ಣ ಮುಂದೆ ಹಿಡಿದು ಕಿಟಕಿಯ ಸರಳನ್ನು ನೋಡುತ್ತ ಮೆಲ್ಲಗೆ ಅಲ್ಲಾಡಿಸುವುದು. ಉಬ್ಬು ಮಸೂರವಾದರೆ ಸರಳು ಎದುರು ದಿಕ್ಕಿಗೆ ಸರಿದಂತೆ, ತಗ್ಗು ಮಸೂರವಾದರೆ ಜೊತೆಗೇ ಸರಿದಂತೆ ಕಾಣುತ್ತದೆ. ಪೆಟ್ಟಿಗೆಯಿಂದ ವಿರುದ್ಧ ಜಾತಿಯ ಮಸೂರಗಳನ್ನು ಒಂದೊಂದಾಗಿ ಅದಕ್ಕೆ ಜೋಡಿಸುತ್ತ ಹೋದರೆ ಒಂದು ಹಂತದಲ್ಲಿ ಸರಳು ನಿಶ್ಚಲವಾಗುತ್ತದೆ. ಆ ಜೋಡಿಯ ನಂಬರೇ ಇದರ ನಂಬರು. ಈ ನಿಶ್ಚಲತೆಯನ್ನು ಕಾಣುವವನು ಅಂಗಡಿಕಾರನೊಬ್ಬನೇ. ಗಿರಾಕಿಗೆ ಅದರ ಗಂಧವೂ ಇಲ್ಲ.

ಕನ್ನಡಕ ತೊಟ್ಟವನು ಮೆಟ್ಟಿಲಿಳಿದು ಹೋಗಿ ಮಾರನೆಯ ದಿನ ತಿರುಗಿ ಬರುತ್ತಾನೆ. ತಲೆ ಸುತ್ತುತ್ತದೆ, ನೆಲ ಮೇಲೆ ಬಂದಂತಾಗುತ್ತದೆ ಎನ್ನುತ್ತಾನೆ. ಎಲ್ಲ ಊರುಗಳಲ್ಲೂ ಎಲ್ಲ ಕಾಲದಲ್ಲೂ ಅವನಿಗೆ ದೊರೆಯುವ ಉತ್ತರ ಒಂದೇ: ಎಂಟು ದಿನ ಹಾಕಿ ನೋಡಿ, ಅಭ್ಯಾಸವಾಗುತ್ತದೆ.

ಈ ಮಾತು ಸತ್ಯವೋ ಅಸತ್ಯವೋ?

ಅನೇಕ ಸಲ ಇದು ಶುದ್ಧ ಸತ್ಯ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರಂಥವರು ಸಾಮೂಹಿಕ ನೇತ್ರಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದ ಕಾಲವನ್ನು ನೆನೆಯಿರಿ. ಆಗ ಪೊರೆಯೊಡನೆ ಕಣ್ಣಿನ ಸ್ವಾಭಾವಿಕ ಮಸೂರವೇ ಹೋಗುತ್ತಿತ್ತು. ಅದರ ಬದಲಿಗೆ ಸುಮಾರು ಹತ್ತು ನಂಬರಿನ ದಪ್ಪ ಗಾಜು. ಕಣ್ಣೊಳಗೇ ಕೃತಕ ಮಸೂರವಿಡುವ ಪದ್ಧತಿ ಬಡವರಿಗೆ ಎಟುಕಿದ್ದು, 1992ರಲ್ಲಿ ಮದುರೆಯ ಅರೋಲ್ಯಾಬ್ ಅದನ್ನು ಕಡಿಮೆ ಬೆಲೆಗೆ ತಯಾರಿಸತೊಡಗಿದ ನಂತರ. ಆ ದಪ್ಪ ಕನ್ನಡಕದಲ್ಲಿ ವಸ್ತುಗಳು ಇದ್ದುದಕ್ಕಿಂತ ಕಾಲುಭಾಗದಷ್ಟು ಹಿರಿದಾಗಿ, ಹತ್ತಿರವಾಗಿ ಕಾಣುತ್ತಿದ್ದವು. ಬಾಗಿಲಿನ ಚೌಕಟ್ಟು ಬಾಗಿದಂತೆ ತೋರುತ್ತಿತ್ತು. ನೀರಿನ ಲೋಟಕ್ಕೆ ಚಾಚಿದ ಕೈ ಲೋಟದ ಈಚೆಯೇ ನಿಲ್ಲುತ್ತಿತ್ತು. ಕನ್ನಡಕ ಎಷ್ಟು ನಿರ್ದುಷ್ಟವಾಗಿದ್ದರೂ ಇವೆಲ್ಲ ಇದ್ದೇ ಇದ್ದವು, ಕ್ರಮೇಣ ಅಭ್ಯಾಸವಾಗಬೇಕಾಗಿತ್ತು. ಅಂಥ ಮುದುಕನಿಗೆ ಧೈರ್ಯ ಹೇಳದ ಕನ್ನಡಕದವನು ಕರ್ತವ್ಯ ಮಾಡಲಿಲ್ಲವೆಂದೇ ಹೇಳಬೇಕು.

ಇನ್ನು ಕೆಲವು ಸಲ ಇದೇ ಮಾತು ಬೇರೊಂದನ್ನು ಮುಚ್ಚುತ್ತದೆ. ಮಸೂರದ ನಡುಬಿಂದು ಪಾಪೆಯ ನೇರಕ್ಕೆ ಕೂರಬೇಕು. ಸಾಣೆ ಹಿಡಿಯುವಾಗ ಅದು ಮೂರು ಮಿಲಿಮೀಟರ್ ಸರಿಯಿತೆನ್ನೋಣ. ಎರಡು ನಂಬರಿನ ಚಾಳೀಸಿನಲ್ಲಿ ಅದರ ಪರಿಣಾಮ ಸ್ವಲ್ಪ. ಹತ್ತು ನಂಬರಿನಲ್ಲಿ ಅದರ ಐದು ಪಟ್ಟು. ಎರಡು ಕಣ್ಣುಗಳ ನೋಟ ಬೇರೆಬೇರೆ ಕಡೆಗೆ ಎಳೆದಂತಾಗಿ ತಲೆನೋವು ಬರುತ್ತದೆ. ಕೈಯ ಪ್ರಮಾದ ಒಂದೇ. ಆದರೆ ಅದರ ಭಾರ ಹೆಚ್ಚು ಬಿದ್ದದ್ದು ದಪ್ಪ ಗಾಜು ಬೇಕಾದವನ ಮೇಲೆ, ಅಂದರೆ ಬಹುಮಟ್ಟಿಗೆ ಬಡ ಮುದುಕನ ಮೇಲೆ, ಬಸ್ಸಿನ ಚಾರ್ಜಿಗೆ ಹಣವಿಲ್ಲದೆ ಎರಡನೆಯ ಸಲ ದೂರು ಹೇಳಲು ಬಾರದವನ ಮೇಲೆ. ಅವನಿಗೂ ಅಭ್ಯಾಸವಾಗುತ್ತದೆ ಎಂದೇ ಹೇಳಿ ಕಳಿಸಲಾಗುತ್ತಿತ್ತು. ಹಲವು ಸಲ ಆಗಿಯೂ ಆಗುತ್ತಿತ್ತು. ದೇಹ ಏನನ್ನು ತಾನೆ ಸಹಿಸುವುದಿಲ್ಲ? ಆಗದವನು ಕನ್ನಡಕವನ್ನು ಗೂಡಿನಲ್ಲಿಟ್ಟು ಸುಮ್ಮನಾಗುತ್ತಿದ್ದ.

ಬೇಕೆಂದೇ ತಪ್ಪು ಗಾಜು ಕೊಟ್ಟವನ ವಿಚಾರ ಇಲ್ಲಿ ಚರ್ಚೆಗೆ ಅರ್ಹವೇ ಅಲ್ಲ. ವಿಚಾರಿಸಬೇಕಾದದ್ದು ನಡುವಿನ ಮನುಷ್ಯನ ಸ್ಥಿತಿ. ತನ್ನ ಕೆಲಸ ಸರಿಯಾಗಿದೆಯೆಂದೇ ಅವನು ನಂಬಿದ್ದಾನೆ. ಗಿರಾಕಿ ತಿರುಗಿ ಬಂದಾಗ ಮಸೂರವನ್ನು ಬಿಚ್ಚಿ ಸರಳಿಗೆ ಹಿಡಿದು ನೋಡಲು ಹತ್ತು ನಿಮಿಷ ಸಾಕು. ಅಂಗಡಿಯಲ್ಲಿ ಬೇರೆ ಮೂವರು ಕಾದಿದ್ದಾರೆ. ಅವನು ನೋಡದೆಯೇ ಆ ಮಾತನ್ನಾಡುತ್ತಾನೆ. ಅದು ನಿಜವೇ ಆಗಿದ್ದರೂ ಇರಬಹುದು. ಆದರೆ ಅದು ನಿಜವೆಂದು ಅವನಿಗೆ ಗೊತ್ತಿಲ್ಲ.

ಲೌಕಿಕ ನ್ಯಾಯ ಅವನನ್ನು ಬಿಟ್ಟುಬಿಡುತ್ತದೆ; ವಂಚಿಸುವ ಉದ್ದೇಶ ಅವನಿಗಿರಲಿಲ್ಲ. ಜೈನಾಗಮ ಇಷ್ಟು ಸುಲಭವಾಗಿ ಬಿಡುವುದಿಲ್ಲ. ಹಿಂಸೆಯ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ಪ್ರಮತ್ತಯೋಗವನ್ನು ಮುಂದಿಟ್ಟರು, ಮತ್ತು ಆ ವಿಶೇಷಣ ಅನೃತ, ಸ್ತೇಯಗಳಿಗೂ ಮುಂದುವರಿಯುತ್ತದೆಂದು ವ್ಯಾಖ್ಯಾನಕಾರರು ತಿಳಿಸಿದರು. ಹಾಗಾದರೆ ಪರೀಕ್ಷಿಸದೆ ಆಡಿದ ಮಾತು ಅಕಸ್ಮಾತ್ತಾಗಿ ನಿಜವಾದರೂ ಆಡಿದವನಿಗೆ ಪ್ರಮಾದದ ದೋಷ ತಪ್ಪುವುದಿಲ್ಲ. ನೋಡಿ ಹೆಜ್ಜೆಯಿಡುವ ಸಂಯಮಿಯ ಕಾಲಡಿಗೆ ಅರಿಯದೆ ಕ್ರಿಮಿ ಸಿಕ್ಕರೂ ಅವನು ಹಿಂಸಕನಲ್ಲ. ನೋಡದೆ ನಡೆದವನ ಕಾಲಡಿಗೆ ಏನೂ ಸಿಕ್ಕದಿದ್ದರೂ ಅವನು ನಿರ್ದೋಷಿಯಲ್ಲ. ಈರ್ಯಾಸಮಿತಿಗೆ ಸಲ್ಲುವ ಈ ನ್ಯಾಯ ಭಾಷಾಸಮಿತಿಗೂ ಸಲ್ಲಬೇಕು. ಹಾಗಾದರೆ ವ್ಯಾಪಾರವೇ ಸಾಧ್ಯವಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಸಾಧ್ಯವಿದೆ, ಹತ್ತು ನಿಮಿಷ ತಡವಾಗುತ್ತದೆ ಅಷ್ಟೆ. ಅಂಕೋಲೆಯ ಹಿರಿಯರೊಬ್ಬರ ಕ್ರಮ ಸೊಗಸಾಗಿದೆ. ದೂರು ತಂದವನಿಗೆ ಮೊದಲು ಅವರು ಉತ್ತರ ಕೊಡುತ್ತಿರಲಿಲ್ಲ. ಕನ್ನಡಕಕ್ಕೆ ಕೈ ಚಾಚುತ್ತಿದ್ದರು. ಬಿಚ್ಚಿ ನೋಡಿ, ಒಂದು ಮೊರದಲ್ಲಿ ಅಕ್ಕಿ ಕೊಟ್ಟು ಕಲ್ಲು ಆರಿಸಲು ಹೇಳಿ, ಆಮೇಲೆ ಅಭ್ಯಾಸದ ಮಾತು.

ಕಣ್ಣಿನ ವಿಷಯದಲ್ಲಿ ನಮ್ಮ ತಾರ್ಕಿಕರು ತಳೆದ ನಿಲುವು ಇಲ್ಲಿ ನೆನಪಾಗುತ್ತದೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂದು ನೈಯಾಯಿಕರು ವಾದಿಸಿದರೆ, ಕಣ್ಣು ಅಪ್ರಾಪ್ಯಕಾರಿ, ಮುಟ್ಟದೆಯೇ ತಿಳಿಯುತ್ತದೆ ಎಂದು ಜೈನರು ಸಾಧಿಸಿದರು. ಅಕಲಂಕದೇವರು ರಾಜವಾರ್ತಿಕದಲ್ಲಿ ಗಾಜು, ಅಭ್ರಕ, ಸ್ಫಟಿಕಗಳ ಮರೆಯಲ್ಲಿರುವ ವಸ್ತುವೂ ಕಾಣುತ್ತದೆಂಬ ದೃಷ್ಟಾಂತವನ್ನು ಈ ಚರ್ಚೆಯಲ್ಲಿ ತರುತ್ತಾರೆ. (ನಮ್ಮದೇ ಜಿಲ್ಲೆಯ ಸೋಂದೆಯ ಜೈನ ಮಠದ ಪೀಠಕ್ಕೆ ಭಟ್ಟಾಕಲಂಕರೆಂಬ ಅಭಿಧಾನವಿರುವುದನ್ನು ಓದುಗರು ಬಲ್ಲರು.) ವಾದ ಹಾಗಿರಲಿ, ಮಧ್ಯೆ ಗಾಜು ಬಂದಾಗ ಕಾಣುವವನು ಗಾಜನ್ನು ಕಾಣುವುದಿಲ್ಲ, ವಸ್ತುವನ್ನೇ ಕಾಣುತ್ತಾನೆ. ಗಾಜಿನ ದೋಷವನ್ನು ಅವನು ಲೋಕದ ದೋಷವೆಂದೋ ತನ್ನ ಮುಪ್ಪಿನ ದೋಷವೆಂದೋ ತಿಳಿಯುತ್ತಾನೆ. ಕನ್ನಡಕದವನ ಪ್ರಮಾದ ಇತರ ವ್ಯಾಪಾರಿಗಳ ಪ್ರಮಾದಕ್ಕಿಂತ ಗುರುತರವಾಗುವುದು ಈ ಕಾರಣದಿಂದ.

ಶ್ರಾವಕನಿಗೆ ದೃಷ್ಟಿಯೆಂಬುದು ಸುಖದ ಸಾಧನ ಮಾತ್ರವಲ್ಲ. ನೀರು ಸೋಸುವುದು, ಧಾನ್ಯ ಆರಿಸುವುದು, ನೆಲ ನೋಡಿ ನಡೆಯುವುದು, ಸ್ವಾಧ್ಯಾಯ, ಇವೆಲ್ಲ ಅದನ್ನೇ ಅವಲಂಬಿಸಿವೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ, ಸೆಪ್ಟೆಂಬರ್ 18ರಂದು ದೇಹತ್ಯಾಗ ಮಾಡಿದರು. ದೃಷ್ಟಿ ಮಂದವಾಗಿ ಜೀವರಕ್ಷೆಯೊಡನೆ ಚರ್ಯೆ ನಡೆಸಲು ಆಗದೆಂಬುದು ಅವರ ನಿರ್ಧಾರಕ್ಕೆ ಕಾರಣವಾಗಿತ್ತು. ಇಂದು ಕೆಲವು ಮುನಿಗಳು ಕನ್ನಡಕ ಧರಿಸುವುದನ್ನು ಕಾಣುತ್ತೇವೆ. ಅದು ಪರಿಗ್ರಹವೋ ಸಂಯಮದ ಉಪಕರಣವೋ ಎಂಬ ನಿರ್ಣಯ ಗೃಹಸ್ಥರಾದ ನಮಗೆ ಸೇರಿದ್ದಲ್ಲ. ಆದರೆ ಕಣ್ಣು ಮತ್ತು ಅಹಿಂಸೆಗಳ ಸಂಬಂಧವನ್ನು ಆ ಮಹಾತ್ಮರು ಎಷ್ಟು ಗಂಭೀರವಾಗಿ ತಿಳಿದಿದ್ದರೆಂಬುದನ್ನು ಕನ್ನಡಕ ಮಾರುವ, ಕೊಳ್ಳುವ, ದಾನ ಮಾಡುವ ಎಲ್ಲರೂ ಸ್ಮರಿಸುವುದು ಯುಕ್ತ.

ಪ್ರತಿರೂಪಕ ವ್ಯವಹಾರದ ಬಗ್ಗೆ ಎರಡು ಮಾತು. ಸ್ಫಟಿಕದ ಮಸೂರ ಕಣ್ಣಿಗೆ ತಂಪೆಂಬ ನಂಬಿಕೆ ಹಿಂದೆ ಬಲವಾಗಿತ್ತು. ತಂಜಾವೂರಿನ ಬಳಿಯ ವಲ್ಲಂನಲ್ಲಿ ಇದಕ್ಕಾಗಿಯೇ ಸ್ಫಟಿಕ ಅರೆಯುತ್ತಿದ್ದರು. ಪೆಬಲ್ ಎಂಬ ಹೆಸರಿನಲ್ಲಿ ಬರಿಯ ಗಾಜನ್ನು ಮಾರಿದವರೂ ಇದ್ದರು. ಇದಕ್ಕೆ ವಿರುದ್ಧವಾದದ್ದು ಆಮೆಚಿಪ್ಪಿನ ಫ್ರೇಮಿನ ಕಥೆ. ನಿಜವಾದ ಚಿಪ್ಪಿಗಾಗಿ ಕಡಲಾಮೆಯನ್ನು ಕೊಲ್ಲುತ್ತಿದ್ದರು. ಸೆಲ್ಯುಲಾಯ್ಡ್ ಬಂದು ಅದೇ ಮಚ್ಚೆಬಣ್ಣವನ್ನು ಜೀವಹಾನಿಯಿಲ್ಲದೆ ಕೊಟ್ಟಿತು. 1972ರ ವನ್ಯಜೀವಿ ಕಾಯಿದೆ ಆಮೆಗಳಿಗೆ ರಕ್ಷಣೆಯನ್ನೂ ಕೊಟ್ಟಿತು. ನಕಲೆಂದು ಹೇಳಿ ಮಾರಿದ ಆ ಫ್ರೇಮಿನಲ್ಲಿ ಅತಿಚಾರವಿಲ್ಲ. ಅಸಲಿಗಿಂತ ನಕಲೇ ಶ್ರಾವಕೋಚಿತವಾದ ಅಪರೂಪದ ಪ್ರಸಂಗವಿದು.

ಈಗ ಸಾಣೆಕಲ್ಲು ಮೂಲೆ ಸೇರಿದೆ. ಕಣ್ಣಿನ ನಂಬರನ್ನು ಯಂತ್ರ ಅಚ್ಚು ಮಾಡಿ ಕೊಡುತ್ತದೆ. ಪ್ಲಾಸ್ಟಿಕ್ ಮಸೂರ ದೂರದ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತದೆ. ಅಳತೆ ಕೈಗಿಂತ ಖಚಿತವಾಗಿದೆ. ಹಳೆಯದೆಲ್ಲ ಚೆನ್ನಾಗಿತ್ತೆಂದು ಹಲುಬುವುದರಲ್ಲಿ ಅರ್ಥವಿಲ್ಲ. ಬೆರಳಿಗೆ ಗಾಜಿನ ಚೂರು ಚುಚ್ಚಿಸಿಕೊಂಡ ಹಿರಿಯರೇ ಹಾಗೆ ಹಲುಬುವುದಿಲ್ಲ. ಬದಲಾದದ್ದು ಇಷ್ಟು: ತಲೆ ಸುತ್ತುತ್ತದೆಂದು ಬಂದವನಿಗೆ ಇಂದು ಉತ್ತರ ಕೊಡುವವನು ಅದನ್ನು ಮಾಡಿದವನಲ್ಲ. ಕಂಪ್ಯೂಟರ್ ತೋರಿಸಿದ್ದು ಇದೇ, ಕಂಪನಿಯಿಂದ ಬಂದದ್ದು ಹೀಗೆಯೇ, ಅಭ್ಯಾಸವಾಗುತ್ತದೆ ಎನ್ನುತ್ತಾನೆ. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಕರ್ಮದ ಹೊಣೆಯನ್ನು ವಿಂಗಡಿಸಿದ ಶಾಸ್ತ್ರದ ಮುಂದೆ ಈ ಸಮಾಧಾನ ನಿಲ್ಲಲಾರದು. ತಾನು ತೇಯದಿದ್ದರೂ ತರಿಸಿದವನು ತಾನೇ. ಸರಿಯಿದೆಯೆಂದು ಕೈಗೆ ಕೊಟ್ಟವನೂ ತಾನೇ.

ಕಾರಿತದ ಹೊಣೆ ನಮ್ಮ ಬಸದಿಗಳ ಟ್ರಸ್ಟುಗಳನ್ನೂ ತಟ್ಟುತ್ತದೆ. ಮಹಾವೀರ ಜಯಂತಿಯ ಸಂದರ್ಭದಲ್ಲಿ ಉಚಿತ ಕನ್ನಡಕ ವಿತರಣೆ ಮಾಡುವುದು ಪ್ರಶಂಸನೀಯವೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಕನ್ನಡಕವನ್ನು ಯಾವುದಕ್ಕೆ ಸೇರಿಸಿದರೂ ಒಪ್ಪುತ್ತದೆ. ಆದರೆ ಸಗಟಾಗಿ ತರಿಸುವ ಸಿದ್ಧ ಕನ್ನಡಕಗಳಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರು, ಪಾಪೆಗಳ ನಡುವಣ ಅಂತರವೂ ಕಾರ್ಖಾನೆ ನಿಶ್ಚಯಿಸಿದ್ದು. ಎರಡು ಕಣ್ಣೂ ಸಮನಾಗಿದ್ದು ಬರಿಯ ಚಾಳೀಸು ಬಂದವರಿಗೆ ಅವು ಸಾಕು. ಉಳಿದವರಿಗೆ ಬೇರೆ ಮಾಡಿಸಬೇಕು, ಮತ್ತು ಅವರು ಯಾರೆಂದು ಮೊದಲು ನೋಡಿ ತಿಳಿಯಬೇಕು. ಅಂಗಡಿಯವನಿಗಾದರೂ ಗಿರಾಕಿ ಮಾರನೆಯ ದಿನ ತಿರುಗಿ ಬರುತ್ತಾನೆಂಬ ಅಂಜಿಕೆಯಿದೆ. ಶಿಬಿರ ಸಂಜೆಗೆ ಮುಗಿದುಹೋಗುತ್ತದೆ. ಮುದುಕಿ ಎಂಟು ದಿನದ ಮೇಲೆ ಬಂದರೆ ಅಲ್ಲಿ ಪೆಂಡಾಲೂ ಇರುವುದಿಲ್ಲ. ಖರ್ಚಿನ ಪಟ್ಟಿಯಲ್ಲಿ ಊಟ, ಹಾರ, ಶಾಲು, ಫೋಟೋಗಳಿಗೆ ಬರೆದಿಡುವಂತೆ ಎಂಟನೆಯ ದಿನ ಒಬ್ಬ ಬಲ್ಲವರನ್ನು ಅರ್ಧ ದಿನ ಕೂರಿಸುವುದಕ್ಕೂ, ಹಳ್ಳಿಯವರು ಬಂದುಹೋಗುವ ಬಸ್ಸಿನ ಚಾರ್ಜಿಗೂ ಒಂದು ಸಾಲು ಬರೆಯಬಹುದು. ಆ ದಿನ ಮೇಜಿನ ಮೇಲೆ ಒಂದು ಮೊರ ಅಕ್ಕಿಯನ್ನೂ ಇಡಲಿ.