ನಿಂತರೆ ಕೆಡುವ ಗಾಡಿ

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ಇದೆ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ 1911ರಲ್ಲಿ ಮಾಡಿಸಲು ಹೇಳಿದ ಗಾಡಿ. ಹಿಂದಿನ ಸೀಟು ಸಿಂಹಾಸನದ ಹಾಗೆ ಎತ್ತರಕ್ಕಿದೆ. ಗಾಡಿ ಬರುವ ಮೊದಲೇ ನಿಜಾಮರು ತೀರಿಕೊಂಡರು. ಮಗನ ಕಾಲದಲ್ಲೂ ಅದು ಮೆರವಣಿಗೆಗೆ ಮಾತ್ರ ಹೊರಗೆ ಬಂತು. ನೂರು ವರ್ಷ ಕಳೆದರೂ ಅದು ಓಡಿದ್ದು ಕೆಲವೇ ನೂರು ಮೈಲಿ. 1948ರವರೆಗೆ ನಮ್ಮ ಸುರಪುರವೂ ಅದೇ ನಿಜಾಮರ ಸೀಮೆಯಲ್ಲಿತ್ತು. ಆ ಕಾರು ಮಾತ್ರ ಈ ಕಡೆಯ ಎರೆಮಣ್ಣು ಕಂಡಿರಲಾರದು.

ಹಳೆಯ ಕಾರು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಇಂಥದ್ದೇ, ಹಗ್ಗ ಕಟ್ಟಿ ನಿಲ್ಲಿಸಿದ ಗಾಡಿ. ಧರ್ಮಸ್ಥಳದ ಸಂಗ್ರಹಾಲಯಕ್ಕೆ ಹೋದವರು, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ನೋಡಿ ಬಂದವರು ಫೋಟೋ ತೆಗೆಸಿಕೊಂಡು ಬರುತ್ತಾರೆ. ಸರ್ಕಾರದ ಕಣ್ಣಿಗೂ ಅದು ಹಾಗೆಯೇ ಕಾಣುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ ‘ವಿಂಟೇಜ್’ ಎಂಬ ಮರ್ಯಾದೆ ಕೊಟ್ಟಿತು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಕಟ್ಟಬೇಕು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ಆ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಂಥವಕ್ಕಷ್ಟೇ ರಸ್ತೆಗಿಳಿಯಬಹುದು. ಮಾನ ಕೊಟ್ಟು ಮೂಲೆಗೆ ಕೂರಿಸುವುದು ಅಂದರೆ ಇದೇ.

ಬೋನಾಳದಿಂದ ಸುರಪುರಕ್ಕೆ ದಿನಾ ಕೆಲಸಕ್ಕೆ ಹೋಗಿಬರುವ ಹುಡುಗನೊಬ್ಬ ಬಂದು, “ಸರ, ಹಳೀ ಗಾಡಿ ಒಂದ್ ತಗೋಬೇಕಂತ ಮಾಡೀನ್ರಿ. ಅಂಬಾಸಿಡರ್ ತಗೊಳ್ಲೋ, ಫಿಯಾಟ್ ತಗೊಳ್ಲೋ?” ಎಂದು ಕೇಳಿದ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಬೈತಾರೆ. ಅದೇ ದುಡ್ಡಿಗೆ ಹೊಸ ಬೈಕ್ ಬರುತ್ತದೆ, ಟಂಟಂ ಹತ್ತಿದರೆ ಇನ್ನೂ ಅಗ್ಗ. ನಾನು ಮಾತ್ರ ಬೈಯಲಾರೆ. ಹತ್ತು ಹನ್ನೆರಡು ಕಿಲೋಮೀಟರಿನ ದಾರಿ, ಎರಡೂ ಬದಿ ಹೊಲಗದ್ದೆ, ಊರ ಬುಡದಲ್ಲಿ ಸುರಪುರದ ದೊರೆ ಪಾಮ ನಾಯಕ ಕಟ್ಟಿಸಿದ ಕೆರೆ. ಹಳೆಯ ಗಾಡಿಗೆ ಇಂಥ ದಾರಿ ಹೇಳಿ ಮಾಡಿಸಿದ್ದು. ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟು ಉದ್ದವಿದೆ, ಕೆಟ್ಟು ನಿಂತರೆ ನಡೆದು ಮನೆ ಸೇರುವಷ್ಟು ಗಿಡ್ಡವೂ ಇದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದು ತುಳಿದು ಸಾಯುವವರಿಗೆ ಈ ಭಾಗ್ಯವಿಲ್ಲ.

ಯಂತ್ರದ ಸ್ವಭಾವ ಕಾನೂನಿಗೆ ಪೂರ್ತಿ ಉಲ್ಟಾ. ಹಳೆಯ ಗಾಡಿ ಓಡಿದರೆ ಉಳಿಯುತ್ತದೆ, ನಿಂತರೆ ಕೆಡುತ್ತದೆ. ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಆಯಿಲ್ ಸೀಲುಗಳು ಒಣಗಿ ಸೀಳುತ್ತವೆ, ವೈರು ಇಲಿಗಳ ಪಾಲಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೊಳೆತರೆ ಕಾರ್ಬೊರೇಟರಿನ ಒಳಗೆಲ್ಲ ತುಕ್ಕು. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ಹಳಸುವುದೇ ಇಲ್ಲ. ಹಾಗಂತ ಎಥನಾಲಿನ ಕಾಟ ಪೂರ್ತಿ ತಪ್ಪಿತು ಅನ್ನುವ ಹಾಗೂ ಇಲ್ಲ. ಆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪರದೆ, ವಾಷರುಗಳನ್ನು ಅದು ಮೆತ್ತಗೆ ಮಾಡಿ ತಿನ್ನುತ್ತದೆ. ಗಾಡಿ ಮನೆಗೆ ಬಂದ ವಾರದಲ್ಲೇ ಇವನ್ನೆಲ್ಲ ಎಥನಾಲ್ ತಾಳುವ ಹೊಸ ಸಾಮಾನಿಗೆ ಬದಲಿಸಬೇಕು. ಅದೇನೂ ದೊಡ್ಡ ಖರ್ಚಲ್ಲ. ಸೋರುವ ಪೈಪಿನಿಂದ ಬೆಂಕಿ ಹತ್ತಿದರೆ ಮಾತ್ರ ಉಳಿಯುವುದು ಏನೂ ಇಲ್ಲ.

ಈಗ ಆಯ್ಕೆಗೆ ಬರೋಣ. ಫಿಯಾಟ್, ಅಂದರೆ ಪ್ರೀಮಿಯರ್ ಪದ್ಮಿನಿ, ಅಂದಗಾತಿ. 1,089 ಸಿಸಿಯ ಚಿಕ್ಕ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಅದಕ್ಕೆ ಇಷ್ಟು ದಿನ ಸಾಮಾನು ಒದಗಿಸಿದ್ದು ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳ ಲೋಕ. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಇನ್ನು ಮುಂದೆ ಒಂದು ಬ್ರೇಕ್ ಡ್ರಮ್ಮಿಗೂ ಹುಡುಕಾಟವೇ. ನಮ್ಮ ಕಡೆ ಇನ್ನೊಂದು ತಾಪತ್ರಯವಿದೆ. ರಾಶಿಯ ಕಾಲಕ್ಕೆ ತೊಗರಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರವಿ ಗಾಡಿಗಳ ಚಕ್ರದ ಕೆಳಗೇ ಒಕ್ಕಲು ಮಾಡಿಸುತ್ತಾರೆ. ತಗ್ಗಿನ ಗಾಡಿ ಅದರ ಮೇಲೆ ಹಾಯ್ದರೆ ಒಣ ಸೊಪ್ಪು ಎಕ್ಸೆಲ್ಲಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಹಾಗೆ ಕಾರುಗಳು ಸುಟ್ಟ ಸುದ್ದಿ ಪತ್ರಿಕೆ ಓದುವವರಿಗೆ ಹೊಸದಲ್ಲ. ಗಾಡಿ ಯಾವುದೇ ಇರಲಿ, ಆ ದಿನಗಳಲ್ಲಿ ಇಳಿದು ಬಗ್ಗಿ ನೋಡಿ ಸೊಪ್ಪು ಕಿತ್ತು ಹಾಕಿ ಮುಂದೆ ಹೋಗಬೇಕು.

ಅಂಬಾಸಿಡರ್ ಸಾಕ್ಷಾತ್ ಗೌಡರ ಗತ್ತಿನದು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಐವತ್ತರ ದಶಕದ ಕೊನೆಗೆ ಬಂಗಾಳದ ಉತ್ತರಪಾಡಾದಲ್ಲಿ ಶುರುವಾಗಿ 2014ರ ಮೇ ತಿಂಗಳವರೆಗೆ ತಯಾರಾಯಿತು. ತಲೆಗೆ ರುಮಾಲು ಸುತ್ತಿದ ಹಿರಿಯರು ರುಮಾಲು ತೆಗೆಯದೆ ಕೂರಬಹುದಾದ ಕಾರು ಅದೊಂದೇ ಅನ್ನಿಸುತ್ತದೆ. ಮುಂದಿನ ಸೀಟಿನಲ್ಲೂ ಮೂವರು ಹಿಡಿಸುತ್ತಾರೆ. ಬಿಳಿ ಅಂಬಾಸಿಡರ್ ಊರೊಳಗೆ ಬಂದರೆ ತಹಶೀಲ್ದಾರರೇ ಬಂದರೆಂದು ಕಟ್ಟೆಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದ ಕಾಲವಿತ್ತು. ಆದರೆ 1,489 ಸಿಸಿ ಇಂಜಿನ್ ಟನ್ನಿಗೂ ಮೀರಿದ ಭಾರ ಎಳೆಯಬೇಕು. ಬೇಸಿಗೆಯಲ್ಲಿ 42 ಡಿಗ್ರಿ ಏರುವ ನಮ್ಮ ಸೀಮೆಯಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ, ಪಂಪು ಗಾಳಿ ಎಳೆಯುತ್ತದೆ, ಗಾಡಿ ನಿಲ್ಲುತ್ತದೆ. ಹಳೆಯ ಡ್ರೈವರುಗಳು ಹಸಿ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ ಬೀಡಿ ಹಚ್ಚಿ ಕೂರುತ್ತಿದ್ದರು. (ಬೀಡಿಯನ್ನು ದೂರ ಹೋಗಿ ಸೇದುವುದು ಒಳ್ಳೆಯದು.) ಎಂಟು ಗಂಟೆಗೆ ಹಾಜರಿ ಹಾಕಬೇಕಾದವನಿಗೆ ಅಷ್ಟು ಪುರಸೊತ್ತು ಎಲ್ಲಿದೆ?

ಡೀಸೆಲ್ ಮಹೀಂದ್ರ ಜೀಪು ತಗೊಂಡರೆ ಮೇಸ್ತ್ರಿಯ ಚಿಂತೆಯಿಲ್ಲ. ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿ ಕಟ್ಟುವವನಿಗೆ ಅದು ಪರಕೀಯವಲ್ಲ, ಮಳೆಗಾಲದ ಎರೆಮಣ್ಣಿನಲ್ಲೂ ಅದು ಹಾದಿ ಕಾಣುತ್ತದೆ. ಹೊಲ ಇದ್ದವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಲಿ. ದಿನಾ ಅದರಲ್ಲಿ ಕೆಲಸಕ್ಕೆ ಹೋದರೆ ಬೆನ್ನು ಮಾತ್ರ ಸಾಕ್ಷಿ ಹೇಳುತ್ತದೆ.

ನನ್ನ ಓಟು ಕಾರ್ಬೊರೇಟರ್ ಇರುವ ಹಳೆಯ ಮಾರುತಿ 800ಕ್ಕೆ. ನಕ್ಕರೆ ನಗಲಿ. 796 ಸಿಸಿ, ಮೂರು ಸಿಲಿಂಡರು, ಭಾರ ಸುಮಾರು 650 ಕಿಲೋ. ಅಂಬಾಸಿಡರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಓಡಿಸುವ ಖುಷಿ ಇರುವುದು ಈ ಹಗುರದಲ್ಲೇ. ತಿರುವಿನಲ್ಲಿ ಕೈ ಹೇಳಿದ ಮಾತನ್ನು ಚಕ್ರ ಕೇಳುತ್ತದೆ, ನಲವತ್ತರಲ್ಲಿ ಹೋಗುತ್ತಿದ್ದರೂ ಎಂಬತ್ತರಲ್ಲಿ ಹೋದ ಹಾಗೆ ಅನ್ನಿಸುತ್ತದೆ. ಈ ದಾರಿಯಲ್ಲಿ ನಲವತ್ತು ಮೀರಬಾರದು ಬಿಡಿ. 12 ಇಂಚಿನ ಪುಟ್ಟ ಚಕ್ರ ದೊಡ್ಡ ತಗ್ಗಿಗೆ ಬಿದ್ದರೆ ರಿಮ್ಮೇ ಸೊಟ್ಟ. ಚಳಿಗಾಲದಲ್ಲಿ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿರುತ್ತವೆ, ಏರಿಯ ಮೇಲೆ ಹಾರ್ನ್ ಹೊಡೆಯುವುದು ಕೂಡ ತಪ್ಪು. ಮೂವತ್ತು ವರ್ಷ ತಯಾರಾದ ಗಾಡಿ, ಸಾಮಾನು ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆ.

“ಅದೇನ್ ಕ್ಲಾಸಿಕ್ಕೇನ್ರಿ? ಎಲ್ಲಾರ ಮನ್ಯಾಗ ಇತ್ತಲ್ಲ” ಅನ್ನುತ್ತಾನೆ ಹುಡುಗ. ಅದಕ್ಕೇ ಹೇಳುವುದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿಯನ್ನು ದೆಹಲಿಯ ಒಬ್ಬ ಇಂಡಿಯನ್ ಏರ್‌ಲೈನ್ಸ್ ನೌಕರನಿಗೆ ಕೊಟ್ಟರು. ಬೆಲೆ 50,000ದ ಒಳಗೆ. ಆತ ಅದನ್ನು ಕೊನೆಯವರೆಗೂ ಮಾರಲಿಲ್ಲ. 2010ರಲ್ಲಿ ಆತ ತೀರಿಕೊಂಡ ಮೇಲೆ ದೇಶದ ಆ ಮೊದಲ 800 ಮನೆಯ ಮುಂದೆ ನಿಂತಲ್ಲೇ ತುಕ್ಕು ಹಿಡಿಯಿತು. ಆಮೇಲೆ ಕಂಪನಿಯೇ ಅದನ್ನು ಹೊಸದರಂತೆ ಮಾಡಿ ಪ್ರದರ್ಶನಕ್ಕೆ ಇಟ್ಟಿದೆ. ಮಾಲೀಕ ಓಡಿಸುತ್ತಿದ್ದಷ್ಟು ಕಾಲ ಅದಕ್ಕೆ ಯಾರ ದಯೆಯೂ ಬೇಕಿರಲಿಲ್ಲ.

ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಇರುವ ಕಟ್ಟು ನಮ್ಮಲ್ಲಿಲ್ಲ. ಐದು ವರ್ಷಕ್ಕೊಮ್ಮೆ ಯಾದಗಿರಿ ಆರ್‌ಟಿಓಗೆ ಗಾಡಿ ತೋರಿಸಿ ನೋಂದಣಿ ಮುಂದುವರಿಸಬಹುದು. ಶುಲ್ಕ ಮಾತ್ರ ಏರುತ್ತಲೇ ಇದೆ. 600 ರೂಪಾಯಿ ಇದ್ದದ್ದು 2022ರಲ್ಲಿ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಗಾಡಿಯ ಬೆಲೆಗೆ ಹೋಲಿಸಿದರೆ ಇದು ಹೊರೆಯೇ, ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡಿರಬೇಕು.

ಇನ್ನು ಕೊಳ್ಳುವ ದಿನದ ಮಾತು. ಆರ್‌ಸಿಯ ನಂಬರು ಚಾಸಿಯ ನಂಬರಿಗೆ ಕೂಡುತ್ತದೆಯೋ ನೋಡು. ಕಾಲ ಕೆಳಗಿನ ಮ್ಯಾಟು ಎತ್ತಿಸು, ರಸ್ತೆ ಕಂಡರೆ ಎದ್ದು ಬಾ. ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗು, ಅವನ ದಿನಗೂಲಿ ಕೊಡು. ಎಲ್ಲಕ್ಕಿಂತ ಮುಖ್ಯ, ಹೋಗುವುದು ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ. ಬೆಳಗಿನ ತಂಪಿನಲ್ಲಿ ಎಂಥ ಗಾಡಿಯೂ ಸ್ಟಾರ್ಟ್ ಆಗುತ್ತದೆ. ಅರ್ಧ ತಾಸು ಓಡಿಸಿ, ಬಿಸಿಲಲ್ಲಿ ಆಫ್ ಮಾಡಿ, ಚಹಾ ಕುಡಿದು ಬಂದು ಮತ್ತೆ ಕೀಲಿ ತಿರುಗಿಸು. ಮಾರುವವನು “ಬಿಸ್ಲಾಗ ಬ್ಯಾಡ್ರಿ, ಸಂಜಿಗಿ ಬರ್ರಿ” ಅಂದನೋ, ಅಲ್ಲಿಂದಲೇ ಟಂಟಂ ಹತ್ತು.